ಗಂಟೆ ಕಟ್ಟಿಸಿಕೊಂಡ ಕೆಂಚ

ಮಕ್ಕಳೇ, ಗೌರಂಜಿ ಎಂಬ ಪ್ರಾಣಿಯನ್ನು ನೀವು ನೋಡಿಲ್ಲ. ನಿಜ ಹೇಳಬೇಕೆಂದರೆ ನಾನೂ ನೋಡಿಲ್ಲ. ಎಮ್ಮೆಗಿಂತ ದೊಡ್ಡದಂತೆ, ಮೊಣಕಾಲಿನವರೆಗೆ ಜೋಲುವ ಕೂದಲಂತೆ. ಮರವೇ ಇಲ್ಲದ ಒಂದು ಬಯಲಿನಲ್ಲಿ ಅವುಗಳ ಹಿಂಡಿತ್ತು. ಹಿಂಡಿನ ಬೆನ್ನಿಗೇ ಬಯಲಿನ ಜನರಿದ್ದರು. ಗೌರಂಜಿಯ ಹಾಲೇ ಅವರ ಊಟ, ಅದರ ಕೂದಲೇ ಅವರ ಡೇರೆ.

ಬೇಸಿಗೆಯಲ್ಲಿ ನೀರು ಬತ್ತಿದರೆ ಎಲ್ಲರೂ ಉಪ್ಪಿನ ಬಯಲು ದಾಟಿ ಆಚೆಯ ಕೆರೆಗೆ ಹೋಗಬೇಕು. ಆ ನೆಲ ಮೇಲೆ ಗಟ್ಟಿ, ಕೆಲವು ಕಡೆ ಒಳಗೆ ಬರೀ ಕೆಸರು. ಧೂಳೆದ್ದರೆ ಪಕ್ಕದವರ ಮುಖವೂ ಕಾಣದು. ಅದಕ್ಕೇ ಮುಂದೆ ಹೋಗುವ ಗೌರಂಜಿಯ ಕೊರಳಿಗೆ ಗಂಟೆ ಕಟ್ಟುತ್ತಿದ್ದರು. ಗಂಟೆ ಕೇಳಿದರೆ ನಡೆಯಬೇಕು, ನಿಂತರೆ ನಿಲ್ಲಬೇಕು. ಇದು ಅವರ ಕಟ್ಟಳೆ.

ಗಂಟೆ ಯಾವಾಗಲೂ ಮುದಿ ಗೌರಂಜಿ ದೊಡ್ಡವ್ವನದೇ. ಅವಳು ಗೊರಸಿನಿಂದ ನೆಲ ಕುಟ್ಟಿ, ಸದ್ದು ಕೇಳಿ, ಆಮೇಲೆ ಹೆಜ್ಜೆ ಇಡುವವಳು. ಅದೇ ಹಿಂಡಿನ ಹರೆಯದ ಗೌರಂಜಿ ಕೆಂಚನಿಗೆ ಅದನ್ನು ನೋಡಿದರೆ ಮೈಯೆಲ್ಲ ಉರಿ.

"ಹಿಂಗ ಕುಟ್ಕೋತ ಹೋದ್ರ ನೀರು ಮುಟ್ಟೂದು ಯಾವಾಗ, ಆಯಿ?"

"ಜೀವಂತ ಮುಟ್ಟಿದ್ರ ಸಾಕು ಮಗಾ."

ಹೊರಡುವ ಬೆಳಿಗ್ಗೆ ಬಯಲಿನವರ ಹಿರಿಯಳು ಗಾಳೆವ್ವ ಗಂಟೆ ಹಿಡಿದು ಬಂದಳು. ಅವಳ ಬೆನ್ನಿಗೆ ಕಟ್ಟಿದ ಮೊಮ್ಮಗು ಬಾಯಾರಿ ಅಳುತ್ತಿತ್ತು. ದೊಡ್ಡವ್ವ ಹಿಂದುಳಿದ ಕರುವನ್ನು ಕರೆತರಲು ಹೋಗಿದ್ದಳು. ಕೆಂಚ ಕೊರಳು ಚಾಚಿದ.

"ನನಗ ಕಟ್ಟು ಅಂತ ಆಯಿ ಹೇಳ್ಯಾಳ. ದಾರಿ ಎಲ್ಲಾ ಗೊತ್ತೈತಿ."

ಹಸಿ ಸುಳ್ಳು! ಗಾಳೆವ್ವ ಅವಸರದಲ್ಲಿ ಕಟ್ಟಿಯೇಬಿಟ್ಟಳು.

ಕೆಂಚ ಕುಣಿಯುತ್ತ ಹೊರಟ. ಸ್ವಲ್ಪ ಹೊತ್ತಿಗೆ ಧೂಳೆದ್ದಿತು. ಅವನ ಕಾಲ ಕೆಳಗೆ ನೆಲ ಚಟಕ್ಕೆಂದು ಒಡೆಯಿತು. ನೋಡನೋಡುತ್ತ ಹೊಟ್ಟೆಯವರೆಗೆ ಹೂತುಹೋದ. ಗಾಬರಿಯಿಂದ ಒದ್ದಾಡಿದ. ಗಂಟೆ ಢಣಢಣ ಬಡಿಯಿತು.

ಧೂಳಿನೊಳಗಿಂದ ಗಾಳೆವ್ವನ ದನಿ ಬಂತು. "ಗಂಟಿ ಜೋರಾತು! ದಾರಿ ಚಲೋ ಐತಿ, ಜಲ್ದಿ ಬರ್ರಿ!"

"ಬರಬ್ಯಾಡ್ರಿ!" ಕೆಂಚ ಕೂಗಿದ. ಗಾಳಿಯ ಸದ್ದಿನಲ್ಲಿ ಕೂಗು ಯಾರಿಗೂ ಕೇಳಲಿಲ್ಲ, ಗಂಟೆ ಮಾತ್ರ ಕೇಳಿತು.

ಮಗುವಿನ ಅಳು ಹತ್ತಿರವಾಯಿತು. ಹತ್ತಿರ, ಇನ್ನೂ ಹತ್ತಿರ. ಆಗ ಕೆಂಚನಿಗೆ ಹೊಳೆಯಿತು. ನಾನು ಒದ್ದಾಡಿದಷ್ಟೂ ಎಲ್ಲರನ್ನೂ ಕೆಸರಿಗೆ ಕರೆಯುತ್ತಿದ್ದೇನೆ!

ಅವನು ಒದ್ದಾಟ ನಿಲ್ಲಿಸಿದ. ಕೆಸರು ಎದೆಗೇರಿತು. ಕೊರಳು ಅಲುಗಾಡಿಸಲಿಲ್ಲ. ಕಣ್ಣಿಗೆ ಉಪ್ಪು ಹೊಕ್ಕು ಉರಿಯಿತು. ಆಗಲೂ ಅಲುಗಾಡಿಸಲಿಲ್ಲ.

ಗಂಟೆ ನಿಂತಿತು. ಹಿಂಡು ನಿಂತಿತು. ಜನ ನಿಂತರು.

ಧೂಳು ಇಳಿದಾಗ ಒಡೆದ ನೆಲದ ಅಂಚು ಗಾಳೆವ್ವನ ಕಾಲಿನಿಂದ ಎರಡು ಗೇಣು ದೂರವಿತ್ತು. ಹಿಂದಿನಿಂದ ಬಂದ ದೊಡ್ಡವ್ವ ಸುತ್ತ ಕುಟ್ಟಿ ಗಟ್ಟಿ ನೆಲ ಹುಡುಕಿ ತೋರಿಸಿದಳು. ಜನ ಅಲ್ಲಿ ನಿಂತು ಡೇರೆಯ ಹಗ್ಗ ಎಸೆದು, ಹಿಂಡಿನ ಜೊತೆ ಸೇರಿ ಎಳೆದು ಕೆಂಚನನ್ನು ಮೇಲೆತ್ತಿದರು.

ಗಾಳೆವ್ವ ಅವನ ಮುಖದ ಕೆಸರು ಒರೆಸಿದಳು. "ನೀ ಸುಮ್ಮನ ನಿಂತಿ ಅಂತ ನಾವು ಉಳಿದ್ವಿ. ಆಯಿ ನಿನ್ನ ಆರಿಸಿದ್ದು ಬರೋಬ್ಬರಿ ಆತು ನೋಡು."

ದೊಡ್ಡವ್ವ ಅವನನ್ನೇ ನೋಡಿದಳು.

ಕೆಂಚ ಗಾಳೆವ್ವನ ಕಡೆ ತಿರುಗಿದ. "ಆಯಿ ಆರಿಸಿರಲಿಲ್ಲವ್ವ," ಅಂದ. "ನಾ ಸುಳ್ಳು ಹೇಳಿದ್ದೆ."

ನೀತಿ: ಮುಂದೆ ನಡೆಯುವವರ ಸುಳ್ಳು ಹಿಂದೆ ಬರುವವರ ಜೀವಕ್ಕೇ ಕುತ್ತು ತರುತ್ತದೆ, ಗೊತ್ತಿಲ್ಲದ ದಾರಿಯನ್ನು ಗೊತ್ತಿಲ್ಲವೆಂದೇ ಹೇಳಬೇಕು.