ಯುದ್ಧಯಂತ್ರದ ಹೊಟ್ಟೆಕಿಚ್ಚು

ಕೂಲಿಗೆ ಯುದ್ಧ ಮಾಡುವ ಬಸಲಿಂಗನ ಬಳಿ ಮನುಷ್ಯಾಕಾರದ ಭಾರಿ ಉಕ್ಕಿನ ಯಂತ್ರವೊಂದಿತ್ತು. ಅದರ ಎದೆಯೊಳಗೆ ಕೂತು ಅವನು ಅದನ್ನು ನಡೆಸುತ್ತಿದ್ದ. ಒಮ್ಮೆ ಸುಟ್ಟುಹೋದ ಊರಿನಲ್ಲಿ ಸಿಕ್ಕ ಅನಾಥ ಮಗು ನೀಲವ್ವಳನ್ನು ಎತ್ತಿ ತಂದು ಯಂತ್ರದೊಳಗೆ ತನ್ನ ತೊಡೆಯ ಮೇಲೆ ಕೂರಿಸಿಕೊಂಡ. ಅದುವರೆಗೆ ಯಂತ್ರದೊಡನೆ ನಡೆಯುತ್ತಿದ್ದ ಅವನ ಮಾತು, ಹಾಡು ಅಂದಿನಿಂದ ಎಲ್ಲವೂ ಮಗುವಿನ ಪಾಲಾದವು. ಯಂತ್ರ ಒಳಗೊಳಗೇ ಕುದಿಯಿತು. ಒಂದು ಬೆಳಿಗ್ಗೆ ಅದು ಎದೆಯ ಬಾಗಿಲು ತೆರೆಯಲೇ ಇಲ್ಲ.

“ಇಲ್ಲಿ ಒಬ್ಬರಿಗೇ ಜಾಗ. ಅವಳನ್ನು ಬಿಟ್ಟು ಹತ್ತು,” ಎಂದಿತು.

“ಬಿಡಲಾರೆ,” ಎಂದ ಬಸಲಿಂಗ.

“ನಾನಿಲ್ಲದಿದ್ದರೆ ನೀನು ಯಾರು? ನಿನ್ನನ್ನು ಯುದ್ಧಕ್ಕೆ ಯಾರು ಕರೆಯುತ್ತಾರೆ?”

ನೀಲವ್ವ ಬಸಲಿಂಗನತ್ತ ಕೈ ಚಾಚಿ, ಮೊದಲ ಬಾರಿಗೆ, “ಅಪ್ಪಾ, ಎತ್ಕೋ,” ಎಂದಳು.

ಅವನು ಅವಳನ್ನು ಹೆಗಲಿಗೇರಿಸಿಕೊಂಡು ನಡೆದೇ ಹೊರಟ. ಯಂತ್ರ ಗಾಬರಿಯಿಂದ ಬಾಗಿಲು ತೆರೆದು ಕೂಗಿತು. ಬೆನ್ನಟ್ಟೋಣವೆಂದರೆ, ನಡೆಸುವವನಿಲ್ಲದೆ ಅದರ ಕಾಲೇ ಏಳಲಿಲ್ಲ.