ಒಂದು ಚಿಪ್ಪಿಗೆ ಎರಡು ರೂಪಾಯಿ

ಕಪಿಲಾ ನದಿಯ ದಂಡೆಯಲ್ಲಿ ವೇದವಲ್ಲಮ್ಮ ಚಿಪ್ ವಿನ್ಯಾಸ ಕಲಿಸುತ್ತಿದ್ದರು. ಶಾಲೆಯೆಂದರೆ ಒಂದು ಹೆಂಚಿನ ಮನೆ, ನಾಲ್ಕು ಮೇಜು.

ಅವರ ಶಿಷ್ಯ ಶಿವನಂಜ ಆರು ವರ್ಷ ದುಡಿದು ಶ್ರವಣಯಂತ್ರಕ್ಕೊಂದು ಚಿಪ್ ರೂಪಿಸಿದ. ಸಂತೆಯ ಗದ್ದಲದಲ್ಲೂ ಅದು ಎದುರಿಗಿದ್ದವರ ಮಾತನ್ನು ಆರಿಸಿ ಕೇಳಿಸುತ್ತಿತ್ತು.

ಒಂದು ಕಂಪನಿ ಅವನನ್ನು ಹುಡುಕಿಕೊಂಡು ಬಂತು.

"ಅಮ್ಮಾ, ಪೂರ್ತಿ ಹಕ್ಕು ಮಾರಿದರೆ ಒಂದೇ ಸಲಕ್ಕೆ ಅರವತ್ತು ಲಕ್ಷ ಕೊಡ್ತಾರಂತೆ. ಹಕ್ಕು ನಾನೇ ಇಟ್ಟುಕೊಂಡರೆ, ಅವರು ತಯಾರಿಸುವ ಒಂದೊಂದು ಚಿಪ್ಪಿಗೂ ಎರಡು ರೂಪಾಯಿ ರಾಯಲ್ಟಿ. ಅರವತ್ತು ಲಕ್ಷವೇ ತಗೊಳ್ಳಲಾ?"

"ನಿನ್ನ ಚಿಪ್ ಚೆನ್ನಾಗಿದೆಯೇನಯ್ಯ?"

"ಇದಕ್ಕಿಂತ ಚೆನ್ನಾದದ್ದು ಯಾರ ಹತ್ತಿರವೂ ಇಲ್ಲ."

"ಮತ್ಯಾಕೆ ಸಂಜೆಗೆ ಒಡೆದುಹೋಗೋ ಹಾಲಿನ ಹಾಗೆ ಮಾರ್ತೀಯ?"

ಶಿವನಂಜ ಎರಡು ರೂಪಾಯಿಗೆ ಸಹಿ ಹಾಕಿದ.

ಮೊದಲ ವರ್ಷ ಬಂದದ್ದು ಹನ್ನೊಂದು ಸಾವಿರದ ಇನ್ನೂರು. ಗೆಳೆಯರು ನಕ್ಕರು. ಅವನು ಚೆಕ್ಕನ್ನು ಗುರುಗಳ ಮುಂದಿಟ್ಟ.

"ನಿಮ್ಮ ಮಾತು ಕೇಳಿ ಹೀಗಾಯ್ತು, ನೋಡಿ."

ವೇದವಲ್ಲಮ್ಮ ಚೆಕ್ ಓದಿದರು. ಒಳಗಿದ್ದ ವಿದ್ಯಾರ್ಥಿಗಳನ್ನೆಲ್ಲ ಹೊರಗೆ ಕರೆದರು.

"ಇವನಿಂದ ಐದು ಸಾವಿರದ ಆರುನೂರು ಕಿವಿ ಕೇಳ್ತಿವೆ. ನಮಸ್ಕಾರ ಮಾಡಿ."

ಶಿವನಂಜ ತಲೆತಗ್ಗಿಸಿದ.

ನಾಲ್ಕನೇ ವರ್ಷ ಚಿಪ್ ತಯಾರಿಸುತ್ತಿದ್ದ ಕಾರ್ಖಾನೆ ಮುಚ್ಚಿತು. ಅವನು ಓಡಿಬಂದ.

"ಎಲ್ಲ ಹೋಯ್ತು ಅಮ್ಮಾ."

"ಏನೇನು ಹೋಯ್ತು?"

"ಕಟ್ಟಡ, ಯಂತ್ರಗಳು..."

"ಅವು ಅವರದ್ದು. ನಿಂದೇನು ಹೋಯ್ತು?"

"ಏನೂ ಇಲ್ಲ."

"ಹಾಗಾದರೆ ಇಲ್ಲೇನು ಮಾಡ್ತಿದ್ದೀಯ? ಇನ್ನೊಂದು ಕಾರ್ಖಾನೆ ಹುಡುಕು, ಹೋಗು."

ಹುಡುಕಿದ. ಒಂದಕ್ಕೆ ಮೂರು ಸಿಕ್ಕವು. ಹತ್ತನೇ ವರ್ಷದಲ್ಲಿ ಆ ಒಂದು ವರ್ಷದ ರಾಯಲ್ಟಿಯೇ ಅರವತ್ತು ಲಕ್ಷ ದಾಟಿತು.

ಶಿವನಂಜ ಹಣ್ಣು, ಸೀರೆ ತಂದು ಗುರುಗಳ ಕಾಲಿಗೆರಗಿದ. ಮುಖ ಅರಳಿತ್ತು. ಆದರೂ ಒಂದು ಚಿಂತೆ ಅವನನ್ನು ಕೊರೆಯುತ್ತಿತ್ತು.

"ಇನ್ನು ಹತ್ತು ವರ್ಷಕ್ಕೆ ನನ್ನ ಪೇಟೆಂಟ್ ಮುಗಿಯುತ್ತೆ ಅಮ್ಮಾ. ಆಮೇಲೆ ಯಾರು ಬೇಕಾದರೂ ನನ್ನ ಚಿಪ್ ಮಾಡಬಹುದು. ನನಗೆ ಒಂದು ಪೈಸೆಯೂ ಕೊಡಬೇಕಾಗಿಲ್ಲ."

"ಬಡವರ ಕೈಗೂ ಎಟುಕುತ್ತೆ ಅನ್ನು."

"ಹೌದು."

ಎಂಬತ್ತೊಂದರ ವೇದವಲ್ಲಮ್ಮ ಕೋಲೂರಿ ಎದ್ದು ಅವನ ಭುಜ ಹಿಡಿದುಕೊಂಡರು.

"ಅಷ್ಟು ಹೊತ್ತಿಗೆ ನಾನಿರಲ್ಲ. ಅದಕ್ಕೇ, ಲೋಕಕ್ಕೆ ಅದನ್ನು ಕೊಡೋನು ನನ್ನ ಶಿಷ್ಯ ಅಂತ ಈಗಿಂದಲೇ ಹೇಳ್ಕೊಂಡು ತಿರುಗ್ತಿದ್ದೀನಿ."