ಕಡಲೆಯ ಕುಡಿ

ಹೊಳೆಯ ದಂಡೆಗೆ ಒಂದು ಸಣ್ಣ ಮಠವಿತ್ತು. ಮಠದ ಅಜ್ಜನವರ ಬಳಿ ಗದಿಗಯ್ಯ ಎಂಬ ಶಿಷ್ಯ ಇದ್ದ. ಪೇಟೆಯ ಬಟ್ಟೆ ಅಂಗಡಿಯವರ ಮಗ, ಹೊಲದ ಕೆಲಸ ಕಂಡವನಲ್ಲ. ದೀಕ್ಷೆ ಯಾವಾಗ ಸಿಕ್ಕೀತು ಎಂದು ಆರು ವರ್ಷದಿಂದ ಕಾದಿದ್ದ.

ಆ ವರ್ಷ ಹಿಂಗಾರಿ ಬಿತ್ತನೆ ಮುಗಿದ ದಿನ ಅಜ್ಜ ಅವನನ್ನು ಮಠದ ಕಡಲೆ ಹೊಲಕ್ಕೆ ಕರೆದುಕೊಂಡು ಹೋದರು.

"ಈ ಹೊಲ ಕಾಯೋದು ನಿನ್ನ ಕೆಲಸ. ಊರಾಗ ಬೀಜ ಇಲ್ಲದವ್ರು ಮುಂದಿನ ವರ್ಷ ಇದರ ಬೀಜಾನ ಬಿತ್ತಬೇಕು. ರಾಶಿ ಆದ ದಿನ ನಿನ್ನ ದೀಕ್ಷಾದ ಮಾತು."

"ಯಾರಿಂದ ಕಾಯಬೇಕ್ರಿ ಅಜ್ಜಾರ?"

"ಅದನ್ನ ಹೊಲಕ್ಕ ಕೇಳು."

ಗದಿಗಯ್ಯ ಹೊಲವನ್ನು ಕೇಳಲಿಲ್ಲ. ಬದುವಿನ ಮೇಲೆ ಒಂದು ಗುಡಿಸಲು ಹಾಕಿಕೊಂಡು ಕುಳಿತ.

ಕಡಲೆ ಎಲೆಯ ಮೇಲೆ ಹುಳಿ ಕೂತಿರುತ್ತದೆ. ಮುಟ್ಟಿದರೆ ಕೈಗೆ ಅಂಟುತ್ತದೆ, ಗಾಯವಿದ್ದರೆ ಚುರುಗುಡುತ್ತದೆ. ಒಂದು ದಿನ ಎಳೆ ಗಿಡ ಮುಟ್ಟಿ ನೋಡಿದವನು ಹೊಳೆಗೆ ಹೋಗಿ ಮೂರು ಸಲ ಕೈ ತೊಳೆದ. ಪೂಜೆಗೆ ಹೂವು ಎತ್ತುವ ಕೈ, ಹುಳಿ ನಾರಬಾರದು. ಆಮೇಲೆ ಅವನು ಬದು ಬಿಟ್ಟು ಕೆಳಗೆ ಇಳಿಯಲೇ ಇಲ್ಲ.

ಗಿಡ ಗೇಣುದ್ದ ಆಯಿತು. ಒಂದು ಮುಂಜಾನೆ ಊರಿನ ಹತ್ತು ಹನ್ನೆರಡು ಹೆಂಗಸರು ಉಡಿ ಕಟ್ಟಿಕೊಂಡು, ಹಾಡು ಹೇಳುತ್ತ ಬಂದರು. ಬಂದವರೇ ಹಾದಿ ಬದಿಯ ಸಾಲಿಗೆ ಬಗ್ಗಿದರು. ಗಿಡದ ತುದಿಯ ಎಳೆ ಕುಡಿಗಳನ್ನು ಚಿವುಟಿ ಉಡಿಗೆ ತುಂಬತೊಡಗಿದರು.

ಗದಿಗಯ್ಯ ಓಡಿ ಬಂದ.

"ಏನಿದು? ಮಠದ ಹೊಲದಾಗ ಕಳ್ಳತನ?"

ಎಲ್ಲರಿಗಿಂತ ಹಿರಿಯಳಾದ ಫಕೀರವ್ವ ಸೊಂಟ ನೆಟ್ಟಗೆ ಮಾಡಿ ನಿಂತಳು.

"ಕಳ್ಳರು ಹಾಡಿಕೋಂತ ಬರ್ತಾರೇನ್ರಿ ಅಯ್ಯಾರ?"

"ಗಿಡದ ತಲೀನ ಕೀಳ್ತೀರಲ್ಲ, ಅದು ಬೆಳಿಯೋದು ಹೆಂಗ?"

"ನಮ್ಮತ್ತಿನೂ ಕಿತ್ತಾಳ, ಅವರತ್ತಿನೂ ಕಿತ್ತಾಳ. ಕಡ್ಲಿ ಅಂಜಿ ಊರು ಬಿಟ್ಟು ಹೋಗಿಲ್ಲ."

ಹೆಂಗಸರೆಲ್ಲ ನಕ್ಕರು. ಗದಿಗಯ್ಯನ ಕಿವಿ ಕೆಂಪಾದವು.

"ಹೋಗ್ರಿ ಹೊರಗ! ಇನ್ನೊಮ್ಮೆ ಇತ್ತ ಕಾಲಿಡಬ್ಯಾಡ್ರಿ."

ಫಕೀರವ್ವ ಉಡಿ ಬಿಚ್ಚಿದಳು. ಉಡಿಯಲ್ಲಿದ್ದ ಕುಡಿಯನ್ನು ಬದುವಿನ ಮೇಲೆ ಸುರಿದು ನಡೆದಳು. ಉಳಿದವರೂ ಸುರಿದರು. ಹೋಗುವಾಗ ಯಾರೂ ಹಾಡಲಿಲ್ಲ.

ಗದಿಗಯ್ಯ ಮೂರು ದಿನ ಜಾಲಿ ಕಡಿದು ಹೊಲದ ಸುತ್ತ ಮುಳ್ಳಿನ ಬೇಲಿ ಬಿಗಿದ.

ಅಜ್ಜ ಬಂದು ಬೇಲಿಯ ಸುತ್ತ ಒಂದು ಸುತ್ತು ಹಾಕಿದರು.

"ಭಾಳ ಗಟ್ಟಿ ಬೇಲಿ."

"ಇಲಿ ಸುದ್ದಾ ನುಗ್ಗಂಗಿಲ್ರಿ ಅಜ್ಜಾರ."

"ಚಿಟ್ಟಿ?"

ಗದಿಗಯ್ಯ ನಕ್ಕ. ಅಜ್ಜ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡ. ಅಜ್ಜ ನಗಲಿಲ್ಲ, ಮಠದ ಕಡೆ ಹೊರಟುಹೋದರು.

ತಿಂಗಳು ಕಳೆಯಿತು. ಕಡಲೆ ಎತ್ತರಕ್ಕೆ ಬೆಳೆದು ಹೂವು ಹಿಡಿಯಿತು. ಬದುವಿನ ಮೇಲೆ ನಿಂತು ನೋಡಿದರೆ ಹಸಿರು ಹಾಸಿದ ಹಾಗೆ. ಗದಿಗಯ್ಯ ದಿನಾ ನೋಡಿ ಹಿಗ್ಗಿದ.

ಒಂದು ದಿನ ಗಾಳಿಗೆ ಹಾರಿದ ಶಾಲನ್ನು ತರಲು ಹೊಲದೊಳಗೆ ಇಳಿದ. ಶಾಲಿನ ಮೇಲೆ ಹಸಿರು ಹುಳ ಹರಿದಾಡುತ್ತಿತ್ತು. ಬಗ್ಗಿ ನೋಡಿದ. ಪಕ್ಕದ ಗಿಡದಲ್ಲಿ ಎರಡು. ಅದರಾಚೆಯದರಲ್ಲಿ ಮೂರು. ಆಗಷ್ಟೇ ಕಟ್ಟಿದ್ದ ಕಾಯಿಗಳಲ್ಲಿ ತೂತು.

ಅವನು ಮಠಕ್ಕೆ ಓಡಿದ.

"ಅಜ್ಜಾರ, ಹೊಲಕ್ಕ ಹುಳ ಬಿದ್ದಾವ! ಬೀಜ ಉಳಿಯಂಗಿಲ್ಲ. ಔಷಧ ಹೊಡಿಸೂಣ್ರಿ."

"ಎಂಥಾ ಔಷಧ?"

"ಹುಳ ಸಾಯೋದು."

"ಹುಳ ತಿನ್ನೋ ಹಕ್ಕಿ ಸತ್ರ?"

ಗದಿಗಯ್ಯ ಹೊಲದ ಕಡೆ ತಿರುಗಿ ನೋಡಿದ.

"ಔಷಧದ ಮಾತು ನಾಳೆ ಆಡೂಣು. ಇವತ್ತ ಎರಡು ಗಿಡ ಕಿತ್ಕೊಂಡು ಬಾ. ಒಂದು ನೀ ಕಾದಿದ್ದು. ಒಂದು ಆ ಹೆಣ್ಣುಮಕ್ಕಳು ಕದ್ದಿದ್ದು."

ಹೊಲದ ನಡುವಿನಿಂದ ಒಂದು, ಹಾದಿ ಬದಿಯ ಸಾಲಿನಿಂದ ಒಂದು ಗಿಡ ತಂದು ಅಜ್ಜನ ಮುಂದೆ ಇಟ್ಟ.

"ಎಣಿಸು."

ಕಾದ ಗಿಡ ಉದ್ದಕ್ಕೆ ಹೋಗಿತ್ತು. ಟೊಂಗೆ ನಾಲ್ಕು, ಹುಳ ಮೂರು. ಚಿವುಟಿಸಿಕೊಂಡ ಗಿಡ ಗಿಡ್ಡಗೆ, ದುಂಡಗೆ ಇತ್ತು. ಟೊಂಗೆ ಹನ್ನೊಂದು. ಎಲ್ಲ ಟೊಂಗೆಗೂ ಹೂವು. ಹುಳ ಹುಡುಕಿ ಹುಡುಕಿ ಗದಿಗಯ್ಯನಿಗೆ ಒಂದೇ ಒಂದು ಸಿಕ್ಕಿತು.

ಅವನು ಎರಡನೇ ಸಲ ಎಣಿಸಿದ. ಲೆಕ್ಕ ಬದಲಾಗಲಿಲ್ಲ.

"ಚಿಟ್ಟಿ ತತ್ತಿ ಇಡೋದು ಗಿಡದಾಗ ಎಲ್ಲಿ?" ಅಜ್ಜ ಕೇಳಿದರು.

ಗದಿಗಯ್ಯ ಉದ್ದನೆಯ ಗಿಡವನ್ನು ಕಣ್ಣಿನ ಹತ್ತಿರ ಹಿಡಿದು ತಿರುವಿ ತಿರುವಿ ನೋಡಿದ. ತುದಿಯ ಎಳೆ ಎಲೆಗಳ ನಡುವೆ, ಗಸಗಸೆಗಿಂತ ಸಣ್ಣದಾಗಿ, ಬೆಳ್ಳಗೆ ಎರಡು ಕಾಳು ಅಂಟಿದ್ದವು.

"ಕುಡಿ ಮ್ಯಾಲೆ."

"ಹಾದಿ ಬದಿ ಗಿಡದ ಕುಡಿ ಎಲ್ಲಿ ಹೋಗಿತ್ತು?"

"ಫಕೀರವ್ವನ ಉಡಿಗೆ."

ಹೇಳಿ ಮುಗಿಸುವಷ್ಟರಲ್ಲಿ ಅವನ ದನಿ ಇಳಿದುಹೋಯಿತು.

"ಮೊದಲ ಯಾಕ ಹೇಳಲಿಲ್ರಿ ಅಜ್ಜಾರ?"

"ಆಕಿ ಹೇಳಿದ್ಲಲ್ಲ." ಅಜ್ಜ ಎರಡೂ ಗಿಡಗಳನ್ನು ಅವನ ಕೈಗೇ ಕೊಟ್ಟರು. "ಹೋಗು. ಇವತ್ತ ಫಕೀರವ್ವನ ಮನ್ಯಾಗ ಉಂಡು ಬಾ. ಏನು ನೀಡ್ತಾಳ ನೋಡು."

ಫಕೀರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನನ್ನು ಕಂಡು ಮೊರ ಕೆಳಗಿಟ್ಟಳು.

"ಯಾಕ್ರಿ ಅಯ್ಯಾರ, ನಮ್ಮನಿಗೂ ಬೇಲಿ ಹಾಕಾಕ ಬಂದ್ರೇನು?"

"ಉಣ್ಣಾಕ ಬಂದೀನವ್ವಾ."

ಅವಳು ಎದ್ದಳು. ಒಳಗೆ ಕರೆದು ಚಾಪೆ ಹಾಸಿದಳು. ಸೊಸೆಗೆ ಏನೋ ಪಿಸುಗುಟ್ಟಿದಳು. ಸೊಸೆ ಗಡಿಗೆಯೊಂದನ್ನು ಇಳಿಸಿ, ಅದರ ತಳ ಕೆರೆದು ಒಂದು ಹಿಡಿ ಒಣ ಎಲೆ ತೆಗೆದು ನೀರಿಗೆ ಹಾಕಿದಳು.

ಸ್ವಲ್ಪ ಹೊತ್ತಿಗೆ ಬಿಸಿ ರೊಟ್ಟಿ ಬಂತು. ಜೊತೆಗೆ ಬೆಳ್ಳುಳ್ಳಿ ಒಗ್ಗರಣೆಯ ಪಲ್ಯೆ. ಬಾಯಿಗೆ ಇಟ್ಟರೆ ತುಸು ಹುಳಿ. ಇಷ್ಟು ರುಚಿಯದ್ದನ್ನು ಗದಿಗಯ್ಯ ಎಲ್ಲೂ ಉಂಡಿರಲಿಲ್ಲ.

"ಇದೇನು ಪಲ್ಯೆವ್ವಾ?"

"ಮಠದ ಹೊಲದ ಕಡ್ಲಿ ಕುಡಿ. ಹೋದ ವರ್ಷ ಒಣಗಿಸಿ ಇಟ್ಟಿದ್ದು. ವರ್ಷಪೂರ್ತಿ ನಮಗ ಇದೇ ಪಲ್ಯೆ."

"ಈ ವರ್ಷದ್ದು?"

ಫಕೀರವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಒಲೆಯ ಬಳಿ ಸೊಸೆ ತನ್ನ ರೊಟ್ಟಿಗೆ ಖಾರದ ಪುಡಿ ಹಚ್ಚಿಕೊಂಡು ತಿನ್ನುತ್ತಿದ್ದಳು. ಗಡಿಗೆ ಬೋರಲಾಗಿತ್ತು.

ಗದಿಗಯ್ಯ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದ.

"ಅವ್ವಾ, ನಾ ಕಾದ ಹೊಲಕ್ಕ ಹುಳ ಬಿದ್ದಾವ."

"ಗೊತ್ತೈತಿ. ಹಾದ್ಯಾಗ ನಿಂತು ನೋಡೀನಿ."

"ನೋಡಿದ್ರೂ ಹೇಳಲಿಲ್ಲ?"

"ಬೇಲ್ಯಾಚೆಯಿಂದ ಒದರಿದ್ರ ನಿಮಗ ಕೇಳ್ತಿತ್ತೇನ್ರಿ?"

ಅವನು ತಲೆ ತಗ್ಗಿಸಿದ. "ತಪ್ಪಾತು. ನಾಳೆ ಬರ್ರಿ. ಎಲ್ಲಾರೂ ಬರ್ರಿ. ನನಗ ಕಲಿಸ್ರಿ."

"ಮೊದಲ ಊಟ ಮುಗಿಸ್ರಿ," ಅಂದಳು ಫಕೀರವ್ವ. "ತಾಟಿನಾಗ ಬಿಟ್ರ ಮಾತ್ರ ನಾ ಬರಂಗಿಲ್ಲ."

ಅವನು ತಾಟು ಬಳಿದು ಉಂಡ.

ಮರುದಿನ ಹೆಂಗಸರು ಬಂದರು. ಗದಿಗಯ್ಯ ಬೇಲಿ ಕಿತ್ತು, ಜಾಲಿಯನ್ನು ಒಂದು ಕಡೆ ಒಟ್ಟಿ ಬೆಂಕಿ ಹಚ್ಚಲು ಹೋದ. ಫಕೀರವ್ವ ತಡೆದಳು. ಟೊಂಗೆಗಳನ್ನು ಹೊಲದ ನಡುವೆ ಅಲ್ಲಲ್ಲಿ ನೆಡಿಸಿದಳು. ಸಾಲಿನ ಸಂದಿಗೆ ಚುರುಮುರಿ ಚೆಲ್ಲಿದಳು. ಬಿಸಿಲು ಏರುವುದರೊಳಗೆ ಗೊರವಂಕಗಳು ಬಂದು ಆ ಮುಳ್ಳಿನ ಮೇಲೆ ಕೂತವು. ಚುರುಮುರಿ ತಿಂದು, ಆಮೇಲೆ ಹುಳ ತಿಂದವು.

ಹಕ್ಕಿಗೆ ಸಿಗದ ಹುಳವನ್ನು ಹೆಂಗಸರು ಆರಿಸಿದರು. ಅವರ ಸಾಲಿನಲ್ಲೇ ಗದಿಗಯ್ಯನೂ ಬಗ್ಗಿದ. ಮೊದಲ ದಿನ ಬೆರಳು ಉರಿದವು. ಎರಡನೆಯ ದಿನ ಸೊಂಟ ಹಿಡಿಯಿತು. ಮೂರನೆಯ ದಿನ ಯಾರೋ ಹಾಡು ಎತ್ತಿದರು.

"ಅಯ್ಯಾರ, ನೀವೂ ಸೊಲ್ಲು ಹಿಡೀರಿ," ಅಂದಳು ಒಬ್ಬಳು. "ಸುಮ್ನ ಆರಿಸಿದ್ರ ಹುಳ ನಿದ್ದಿ ಹೋಗ್ತಾವ!"

ರಾಶಿಯ ದಿನ ಬಂತು. ಕಣದಲ್ಲಿ ಕಡಲೆ ತೂರಿ ಒಟ್ಟಿದರು. ಹೋದ ವರ್ಷದ ರಾಶಿಯ ಅರ್ಧಕ್ಕಿಂತ ತುಸು ಹೆಚ್ಚು. ಊರಿನ ಬೀಜಕ್ಕೆ ಸಾಕು. ಮಠದ ಪಂಕ್ತಿಗೆ ಏನೂ ಉಳಿಯಲಿಲ್ಲ.

ಗದಿಗಯ್ಯ ಅಜ್ಜನ ಕಾಲಿಗೆ ಬಿದ್ದ.

"ಅರ್ಧ ಹೊಲ ನಾನಾ ಕಳದೆ ಅಜ್ಜಾರ. ದೀಕ್ಷಾ ಕೇಳೂ ಮಾರಿ ನನಗಿಲ್ಲ. ಮುಂದಿನ ವರ್ಷನೂ ಹೊಲ ನನಗಾ ಕೊಡ್ರಿ, ಅಷ್ಟು ಸಾಕು."

"ಮುಂದಿನ ವರ್ಷ ಗಿಡ ಗೇಣುದ್ದ ಆದಾಗ ಏನು ಮಾಡ್ತಿ?"

"ಮನಿ ಮನಿಗೆ ಹೋಗಿ, ಉಡಿ ಕಟ್ಕೊಂಡು ಬರ್ರಿ ಅಂತ ಕರೀತೀನಿ."

"ಬೇಲಿ?"

"ಹಕ್ಕಿಗೆ ಬಿಟ್ಟೀನ್ರಿ."

ಅಜ್ಜ ಅವನ ಬಲಗೈ ಹಿಡಿದು ಮೂಗಿನ ಹತ್ತಿರ ತಂದರು. ಗಿಡ ಕಿತ್ತು ಕಿತ್ತು ಬೆರಳು ಕಪ್ಪಾಗಿದ್ದವು, ಉಗುರ ಸಂದಿಯಲ್ಲಿ ಮಣ್ಣು ಕೂತಿತ್ತು. ಕಡಲೆಯ ಹುಳಿ ಘಮ್ಮೆಂದಿತು. ಗದಿಗಯ್ಯ ನಾಚಿ ಕೈ ಎಳೆದುಕೊಂಡು ಹೊಳೆಯ ಕಡೆ ತಿರುಗಿದ.

"ಎಲ್ಲಿ ಹೊಂಟಿ?" ಅಂದರು ಅಜ್ಜ.

"ಕೈ ತೊಳಕೊಂಡು ಬರ್ತೀನ್ರಿ."

"ತೊಳಿಬ್ಯಾಡ. ದೀಕ್ಷಾಕ್ಕ ಹಂಗಾ ಬಾ."